ಕಲ್ಲು ಇಟ್ಟ ಕಟ್ಟಿಗೆ

ಗಾಳಿ ನಿಂತದ್ದು ಬೆಳಗಿನ ಐದಕ್ಕೆ. ಐದೂವರೆಗೆಲ್ಲ ಕಲ್ಲವ್ವ ಸೊಸೆಯನ್ನು ಎಬ್ಬಿಸಿ, ಕೈಗೊಂದು ಹಗ್ಗ ಕೊಟ್ಟು, ಚಹಾ ಕೂಡ ಕುಡಿಸದೆ ಮರಾಠಿ ಮಾತಿನ ಖಡಕಿ ಊರಿನ ರಸ್ತೆಗೆ ಇಳಿಸಿದ್ದಳು.

“ಚಾ ಆಮ್ಯಾಲ. ಗಿಡ ಬಿದ್ದ ಸಪ್ಪಳ ನಮಗಷ್ಟ ಕೇಳಿಸಿಲ್ಲ, ಊರಿಗೆಲ್ಲಾ ಕೇಳಿಸೇದ.”

ಶಿವಕಾಂತಾ ಹೂಂ ಅಂದಳು. ಗಂಡ ಪುನೀತ ಡೆಂಗಿ ಜ್ವರದಲ್ಲಿ ಹೋಗಿ ಇಪ್ಪತ್ತು ತಿಂಗಳಾಗಿತ್ತು. ಅಂದಿನಿಂದ ಅವಳ ಬಾಯಲ್ಲಿ ಉಳಿದದ್ದು ಈ ಹೂಂ ಒಂದೇ. ಅವನ ಬೈಕನ್ನು ಗೆಳೆಯನೊಬ್ಬ ನಾಲ್ಕು ದಿನಕ್ಕೆಂದು ಕೇಳಿದಾಗ ಹೂಂ ಅಂದಿದ್ದಳು. ಬೈಕು ತಿರುಗಿ ಬರಲಿಲ್ಲ. ಅವನ ಅಂಗಿಗಳನ್ನು ಯಾರೋ ನೆಂಟರು ಮೂಟೆ ಕಟ್ಟಿದಾಗಲೂ ಹೂಂ ಅಂದಿದ್ದಳು. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮಾಡಿದ ಹುಡುಗಿ ಈಗ ದಿನಾ ಮೂರು ತಾಸು ಜೋಳದ ಹಿಟ್ಟು ನಾದುತ್ತಿದ್ದಳು. ಅದೂ ಹಾಗೆಯೇ ಆದದ್ದು.

ಅತ್ತೆ ಬಡಿಯುವ ರೊಟ್ಟಿಯೇ ಈಗ ಇಬ್ಬರ ಹೊಟ್ಟೆಗೂ ದಾರಿ. ದಿನಕ್ಕೆ ನೂರಾ ಇಪ್ಪತ್ತು ರೊಟ್ಟಿ ಶಿವಾಜಿನಗರದ ಹತ್ತಿರದ ವಿದ್ಯಾರ್ಥಿಗಳ ಮೆಸ್ಸೊಂದಕ್ಕೆ ಹೋಗುತ್ತಿದ್ದವು. ಆದರೆ ಹನ್ನೊಂದು ದಿನದಿಂದ ಗ್ಯಾಸ್ ಸಿಲಿಂಡರು ಬಂದಿರಲಿಲ್ಲ. ಕೇಳಿದಾಗಲೆಲ್ಲ ‘ಉದ್ಯಾ’ ಎಂಬ ಒಂದೇ ಉತ್ತರ. ಆ ನಾಳೆ ಬರಲೇ ಇಲ್ಲ. ಹಿತ್ತಲಿನ ಹಳೆಯ ಒಲೆಯಲ್ಲಿ ಮುರಿದ ಕುರ್ಚಿ ಸುಟ್ಟರು, ಹಣ್ಣಿನ ಪೆಟ್ಟಿಗೆ ಸುಟ್ಟರು, ಕೊನೆಗೆ ಪುಸ್ತಕದ ಕಪಾಟಿನ ಹಲಗೆಗಳನ್ನೂ ಸುಟ್ಟರು. ಹತ್ತಿರದ ಕಟ್ಟಿಗೆ ವಖಾರಿ ಇದ್ದ ಜಾಗದಲ್ಲಿ ಈಗ ಹನ್ನೆರಡು ಅಂತಸ್ತು ಎದ್ದಿತ್ತು. ದೂರದ ವಖಾರಿಯವನು ಲಾರಿಗಟ್ಟಲೆ ಕೊಂಡರೆ ಮಾತ್ರ ಬಾಗಿಲು ತೆರೆಯುತ್ತಿದ್ದ. ಹೀಗಾಗಿ ಎರಡು ದಿನ ರೊಟ್ಟಿ ಹೋಗಿರಲಿಲ್ಲ. ಮೆಸ್ಸಿನ ಮ್ಯಾನೇಜರ್ ಲತೇಶ್ ನಿನ್ನೆ ಫೋನು ಮಾಡಿ, ಶುಕ್ರವಾರ ಹನ್ನೊಂದಕ್ಕೆ ರೊಟ್ಟಿ ಬರದಿದ್ದರೆ ಮಶೀನ್ ರೊಟ್ಟಿಯವನನ್ನು ಗೊತ್ತು ಮಾಡುತ್ತೇನೆ, ಆಮೇಲೆ ಅವನೇ ಕಾಯಂ ಅಂದಿದ್ದ.

ಇವತ್ತು ಗುರುವಾರ.

ರಸ್ತೆಯುದ್ದಕ್ಕೂ ಗಿಡಗಳು ಅಡ್ಡ ಮಲಗಿದ್ದವು. ಮಶೀನ್ ಗರಗಸ ಹಿಡಿದ ಕೆಲಸಗಾರರು ಬೊಡ್ಡೆಗಳನ್ನು ಕೊಯ್ಯುತ್ತಿದ್ದರು. ಟೊಂಗೆಗಳನ್ನು ಯಾರು ಬೇಕಾದರೂ ಒಯ್ಯಿರಿ, ರಸ್ತೆ ಖಾಲಿಯಾದರೆ ಸಾಕು ಎಂದು ಅವರೇ ಕೂಗಿ ಹೇಳುತ್ತಿದ್ದರು. ಓಣಿ ಓಣಿಯ ಹೆಂಗಸರು ಎಲೆ ಸಮೇತ ಎಳೆದೊಯ್ಯುತ್ತಿದ್ದರು. ಶಿವಕಾಂತಾಳೂ ಒಂದು ಗುಲ್‌ಮೊಹರ್ ಟೊಂಗೆಗೆ ಕೈ ಹಾಕಿದಳು.

“ಬಿಡ ಅದನ್ನ,” ಅಂದಳು ಕಲ್ಲವ್ವ. “ಹಸೀ ಅದ. ಅದನ್ನ ಒಲ್ಯಾಗ ಇಟ್ರ ರೊಟ್ಟಿ ಬೇಯೂದಿಲ್ಲ, ನಾವು ಬೇಯ್ತೀವಿ. ಎಂ.ಎ.ದಾಗ ಕಲಿಸಿಲ್ಲೇನು?”

“ಇಲ್ರಿ.”

“ಮತ್ತ ಐದು ವರ್ಷ ಏನ್ ಕಲಿಸಿದ್ರವಾ?”

ಕಲ್ಲವ್ವನ ಕೈಯಲ್ಲಿ ಮುಷ್ಟಿ ಗಾತ್ರದ ಕಲ್ಲಿತ್ತು. ಬಿದ್ದ ಟೊಂಗೆಗೆ ಅದರಿಂದ ಒಂದು ಏಟು ಕೊಟ್ಟು ಕಿವಿಗೊಡುತ್ತಿದ್ದಳು. ದಬ್ ಅಂದರೆ ಹಸಿ. ಬಿಟ್ಟು ಮುಂದೆ ನಡೆದಳು. ಠಣ್ ಅಂದರೆ ಒಣಗಿದ್ದು. ಗಿಡದ ಮೇಲೆಯೇ ವರ್ಷಗಟ್ಟಲೆ ಸತ್ತು ನಿಂತ ಟೊಂಗೆಗಳು ಗಾಳಿಗೆ ಮೊದಲು ಬೀಳುತ್ತವೆ, ಆದರೆ ಹಸಿರಿನ ರಾಶಿಯ ಅಡಿಯಲ್ಲಿ ಕಾಣುವುದಿಲ್ಲ. ಕಲ್ಲವ್ವ ಮೊಣಕಾಲು ಹಿಡಿದುಕೊಂಡು, ಎಲೆ ಸರಿಸಿ, ಬಾಗಿ, ತಟ್ಟಿ, ಎರಡು ತಾಸಿನಲ್ಲಿ ಏಳು ಟೊಂಗೆ ಹುಡುಕಿದಳು. ಎರಡು ಬೇವು, ಮೂರು ಸುಬಾಬುಳ, ಒಂದು ಗುಲ್‌ಮೊಹರ್, ಮತ್ತು ಹಾವಿನಂತೆ ಎರಡು ಕಡೆ ಸೊಟ್ಟಗಾದ ಒಂದು ಹುಣಸೆ. ಒಂದೊಂದನ್ನೂ ಇಬ್ಬರೂ ಸೇರಿ ಎಳೆದು ರಸ್ತೆಯ ಅಂಚಿಗೆ ಹಾಕಿದರು. ಒಂದೊಂದರ ಮೇಲೂ ಕಲ್ಲವ್ವ ಒಂದು ಹಿಡಿ ಹುಲ್ಲಿಟ್ಟು, ಅದರ ಮೇಲೊಂದು ಕಲ್ಲು ಇಟ್ಟಳು.

“ಇದ್ಯಾಕ್ರಿ?”

“ಗುರ್ತು. ನಮ್ಮದು ಅಂತ.”

ಕಲ್ಲವ್ವ ಹುಟ್ಟಿ ಬೆಳೆದದ್ದು ನವಲಗುಂದದ ಕಡೆಯ ಎರೆಹೊಲದ ಊರಿನಲ್ಲಿ. ಕಣ್ಣು ಹಾಯಿಸಿದಷ್ಟೂ ಗಿಡವಿಲ್ಲದ ಸೀಮೆ. ಅಲ್ಲಿ ದಾರಿಯ ಮೇಲಿನ ಸೆಗಣಿಯ ಮೇಲಾಗಲಿ, ಬಿದ್ದ ಟೊಂಗೆಯ ಮೇಲಾಗಲಿ ಒಬ್ಬಳು ಕಲ್ಲಿಟ್ಟು ಹೋದಳೆಂದರೆ ಮುಗಿಯಿತು. ಅವಳು ಸಂಜೆ ಬಂದು ಒಯ್ಯುವವರೆಗೆ ಬೇರೆ ಯಾರೂ ಅದನ್ನು ದಾಟಿ ಹೋಗುತ್ತಿದ್ದರೇ ಹೊರತು ಮುಟ್ಟುತ್ತಿರಲಿಲ್ಲ.

“ಇದು ಖಡಕಿ ಅದ ಅತ್ತಿ.”

“ಖಡಕಿ ಆದ್ರೇನು? ಕಲ್ಲು ಇಟ್ಟದ್ದನ್ನ ಕಳ್ಳನೂ ಮುಟ್ಟೂದಿಲ್ಲ.”

“ನಾ ಇಲ್ಲೇ ನಿಂದರ್ತೀನಿ. ನೀವು ಗಾಡಿ ತರ್ರಿ.”

“ಗಾಡಿ ನಾ ಒಬ್ಬಾಕೀನ ತಳ್ಳಲೇನು, ಈ ಮೊಣಕಾಲಾಗ? ಮತ್ತ ನೀ ಏಳು ಕಡೆ ಒಮ್ಮೆಲೇ ಹೆಂಗ ನಿಂದರ್ತಿ? ಕಲ್ಲು ನಿಂದರ್ತಾವ. ನಡಿ.”

ಇದು ತಪ್ಪೆಂದು ಶಿವಕಾಂತಾಳಿಗೆ ಗೊತ್ತಿತ್ತು. ಹೂಂ ಅಂದು ನಡೆದಳು.

ಗಾಡಿ ಬಾಳೆಹಣ್ಣಿನ ರಾಮಲಿಂಗಪ್ಪನದು. ಗೋಕಾಕದವನು, ಮೂವತ್ತು ವರ್ಷದಿಂದ ಬಜಾರಿನ ಮೂಲೆಯಲ್ಲಿ ಹಣ್ಣು ಮಾರುತ್ತಿದ್ದ. ಕೊಡುವುದಿಲ್ಲ ಎನ್ನುವ ಮನುಷ್ಯನಲ್ಲ. ಆದರೆ ಗಾಡಿಯ ತುಂಬ ಹಣ್ಣಿತ್ತು, ಅದನ್ನು ಇಳಿಸಬೇಕಿತ್ತು. ಅವನು ಮೊದಲು ಗೋಣಿಚೀಲ ಹಾಸಿದ. ಅದು ಹಸಿಯಾಗಿದೆಯೆಂದು ಇನ್ನೊಂದು ತಂದ. ಆಮೇಲೆ ಒಂದೊಂದೇ ಚಿಪ್ಪನ್ನು ಎರಡೂ ಕೈಯಲ್ಲಿ ಎತ್ತಿ ಇಡತೊಡಗಿದ.

“ಗಡಿಬಿಡಿ ಮಾಡಬ್ಯಾಡ್ರಿ ಅಕ್ಕಾರ. ಪೆಟ್ಟು ಬಿದ್ರ ಮಧ್ಯಾಹ್ನಕ್ಕ ಕರ್ರಗಾಗ್ತಾವ.”

“ನೀ ಹಣ್ಣು ಇಳಸಾಕತ್ತೀಯೋ, ಬಾಣಂತನಾ ಮಾಡಾಕತ್ತೀಯೋ?” ಅಂದಳು ಕಲ್ಲವ್ವ.

“ಎರಡೂ ಒಂದ ರೀ. ಸ್ನೇಹದಿಂದ ಮಾಡಬೇಕು. ಚಾ ತರಸ್ಲಿ?”

“ಬ್ಯಾಡ್ರಿ,” ಅಂದಳು ಶಿವಕಾಂತಾ. ಚಹಾ ಬಂದೇ ಬಂತು. ರಾಮಲಿಂಗಪ್ಪ ರಾತ್ರಿಯ ಗಾಳಿಗೆ ಯಾರ ಯಾರ ತಗಡು ಹಾರಿತೆಂದು ಹೇಳಿದ. ನಂತರ ಬಲಗಾಲಿ ಕಿರ್ ಅನ್ನುತ್ತದೆಂದು ಎಣ್ಣೆ ಹುಡುಕಿದ. ಎಣ್ಣೆ ಸಿಗಲಿಲ್ಲ. ಅವರು ರಸ್ತೆಗೆ ಮರಳಿದಾಗ ಎಂಟೂವರೆ.

ಮೊದಲ ಬೇವು ಇದ್ದಲ್ಲಿ ಕಲ್ಲು ನೆಲದ ಮೇಲಿತ್ತು. ಹುಲ್ಲು ಪಕ್ಕದಲ್ಲಿತ್ತು. ಬೇವು ಇರಲಿಲ್ಲ.

ಎರಡನೆಯದೂ ಇರಲಿಲ್ಲ. ಮೂರನೆಯದರ ಜಾಗದಲ್ಲಿ ಎಳೆದೊಯ್ದ ಗೀರು ಮಾತ್ರ. ಸುತ್ತಲೂ ಹಸಿ ಟೊಂಗೆಗಳು ಬೆಟ್ಟದ ಹಾಗೆ ಇನ್ನೂ ಬಿದ್ದೇ ಇದ್ದವು. ಏಳೂ ಕಡೆ ಇಬ್ಬರೂ ಖಾಲಿ ಗಾಡಿಯನ್ನು ಗಡಗಡ ತಳ್ಳಿಕೊಂಡು ಹೋದರು. ಏಳೂ ಕಡೆ ಕಲ್ಲು ಸಿಕ್ಕಿತು.

ಗರಗಸದವನು ಮಶೀನ್ ನಿಲ್ಲಿಸಿ ಮರಾಠಿಯಲ್ಲಿ ಹೇಳಿದ: ಬೇಕರಿಯ ಟೆಂಪೋ ಬಂದಿತ್ತು, ಕಲ್ಲು ಇದ್ದವನ್ನಷ್ಟೇ ಒಯ್ದ, ಉಳಿದದ್ದನ್ನೂ ಒಯ್ಯಪ್ಪ ಅಂದರೆ ಬೇಡ ಅಂದ.

“ಕಳ್ಳನೂ ಮುಟ್ಟೂದಿಲ್ಲ ಅಂದ್ರಿ,” ಅಂದಳು ಶಿವಕಾಂತಾ.

“ಕಳ್ಳ ಮುಟ್ಟೂದಿಲ್ಲ ಅಂದೆ. ಇಂವ ಯಾವನೋ ಏನೋ.” ಕಲ್ಲವ್ವ ಫುಟ್‌ಪಾತಿನ ಅಂಚಿಗೆ ಕೂತಳು. ಸ್ವಲ್ಪ ಹೊತ್ತು ಮೊಣಕಾಲು ಒತ್ತಿಕೊಂಡಳು. “ಹೋಗ್ಲಿ ಬಿಡು. ಹಸೀವನ್ನ ನಾಲ್ಕು ಹೇರು. ಊದಿ ಊದಿ ಹೆಂಗರ ಹತ್ತಸೂಣು.”

“ಅವು ಹತ್ತೂದಿಲ್ಲ ಅಂತ ನೀವ ಅಂದ್ರಿ.”

“ಅಂದಿದ್ದೆ. ಏನ್ ಮಾಡೂದು?”

ಶಿವಕಾಂತಾಳಿಗೆ ಸಿಟ್ಟು ಬಂತು. ಕಲ್ಲಿನ ಮೇಲೆ ಬಂತು, ಬಾಳೆಹಣ್ಣಿನ ಮೇಲೆ ಬಂತು, ಬೆಳಿಗ್ಗೆ ತಾನೇ ಅಂದ ಹೂಂ ಮೇಲೆ ಎಲ್ಲಕ್ಕಿಂತ ಹೆಚ್ಚು ಬಂತು. ಆದರೆ ಈ ಮುದುಕಿ, ಮಗ ಸತ್ತ ಹದಿನಾಲ್ಕನೆಯ ದಿನವೇ ಒಲೆಯ ಮುಂದೆ ಕೂತು ಹಿಟ್ಟು ಕೇಳಿದ ಮುದುಕಿ, ‘ಏನ್ ಮಾಡೂದು’ ಅಂದದ್ದನ್ನು ಅವಳಿಗೆ ತಡೆಯಲಾಗಲಿಲ್ಲ. ಗಾಡಿಯನ್ನು ಬೇಕರಿಯ ಕಡೆ ತಿರುಗಿಸಿದಳು.

ಬೇಕರಿಯ ಹಿಂದಿನ ಅಂಗಳದಲ್ಲಿ ಟೆಂಪೋ ಖಾಲಿಯಾಗಿ ನಿಂತಿತ್ತು. ಗೋಡೆಗೆ ಒರಗಿಸಿ ಕಟ್ಟಿಗೆ ಒಟ್ಟಿದ್ದರು. ಎಲ್ಲಕ್ಕೂ ಮೇಲೆ ಸೊಟ್ಟ ಹುಣಸೆ. ಟೆಂಪೋದವನ ಹೆಸರು ಮಾರ್ತಾಂಡ. ಜೇಜುರಿಯವನು, ಅಲ್ಲಿ ಗುಡಿಯ ಮೆಟ್ಟಿಲ ಮೇಲೆ ಕರ್ನಾಟಕದ ಭಕ್ತರಿಗೆ ಭಂಡಾರದ ಅರಿಶಿನ ಪುಡಿ ಮಾರಿ ಬೆಳೆದವನಾದ್ದರಿಂದ ಕನ್ನಡ ಬರುತ್ತಿತ್ತು. ಅವನು ಏನನ್ನೂ ಮುಚ್ಚಿಡಲಿಲ್ಲ.

“ಕಲ್ಲಾ? ಹಾಂ, ಇದ್ವಲ್ಲ. ಮೊದಲು ನಂಗ ಸರಕಾರೀ ಗುರ್ತು ಅನಿಸ್ತು. ಒಂದು ಎತ್ತಿದೆ, ಖಡಖಡೀತ ಒಣಗಿದ್ದು. ಇನ್ನೊಂದು ಎತ್ತಿದೆ, ಅದೂ ಒಣಗಿದ್ದು. ಕಲ್ಲು ಇಲ್ಲದ್ದು ಎತ್ತಿದೆ, ಹಸೀ. ಆಮ್ಯಾಲ ಬರೇ ಕಲ್ಲು ನೋಡಿ ನೋಡಿ ಎತ್ತಿದೆ. ಯಾರೋ ಪುಣ್ಯವಂತರು ನನ್ನ ಕೆಲಸ ಅರ್ಧಾ ಮಾಡಿಟ್ಟಿದ್ರು.”

“ಆ ಪುಣ್ಯವಂತಿ ನಾನ,” ಅಂದಳು ಕಲ್ಲವ್ವ.

ಅವನಿಗೆ ನಿಜವಾಗಿಯೂ ಸಂತೋಷವಾಯಿತು. “ನಿಮ್ಮ ಕಣ್ಣು ಭಾಳ ಭಾರೀ ಅದ ಆಜಿ. ಮುಂದಿನ ಗಾಳಿಗೆ ನನ್ನ ಟೆಂಪೋದಾಗ ಬರ್ರಿ.”

“ತಿರುಗಿ ಕೊಡ್ರಿ,” ಅಂದಳು ಶಿವಕಾಂತಾ.

“ಅದ್ಹೆಂಗ ವಹಿನಿ?” ಅಂದ ಅವನು ಅತ್ತಿಗೆಯನ್ನು ಕರೆಯುವ ಹಾಗೆ. “ರಸ್ತ್ಯಾಗ ಬಿದ್ದದ್ದು ಎತ್ತಿದವರದು. ಹೆಸರು ಬರೆದಿತ್ತೇನು? ಮಧ್ಯಾಹ್ನ ಎರಡಕ್ಕ ಭಟ್ಟಿ ಹತ್ತಬೇಕು. ಸಂಜೀ ಪಾವ್ ಯಾರು ಸುಡ್ತಾರ?”

ಅವನ ಮಾತಿನಲ್ಲಿ ತಪ್ಪು ಹುಡುಕಿದಳು, ಸಿಗಲಿಲ್ಲ. ಯಾವ ಕಾಯಿದೆಯಲ್ಲೂ ಹುಲ್ಲು ಮತ್ತು ಕಲ್ಲಿನ ಮಾತಿಲ್ಲ. ಅವಳು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ರಾಶಿಯ ಮೇಲೆ ಹತ್ತಿ, ಹುಣಸೆಯ ಮೇಲೆ ಕೂತುಬಿಟ್ಟಳು.

“ಏಳ್ರಿ ವಹಿನಿ.”

“ಏಳೂದಿಲ್ಲ.”

ಅವನು ನಕ್ಕ. ಕೆಳಗಿನಿಂದ ಒಂದು ತುಂಡು ಎಳೆದ. ರಾಶಿ ಜಾರಿತು, ಅವಳೂ ಒಂದು ಮೊಳ ಜಾರಿದಳು, ಮತ್ತೆ ಕೂತಳು. ತೊಗಟೆಯಿಂದ ಕೆಂಪಿರುವೆ ಎದ್ದು ಪಾದಕ್ಕೆ ಕಚ್ಚಿದವು. ಕೈಗೆಲ್ಲ ಮೈದಾ ಮೆತ್ತಿಕೊಂಡ ಇಬ್ಬರು ಬಾಗಿಲಿಗೆ ಬಂದು ನಿಂತರು.

“ಇಳಿಯವಾ, ಮಂದಿ ನೋಡಾಕತ್ತಾರ,” ಅಂದಳು ಕಲ್ಲವ್ವ ಸಣ್ಣ ದನಿಯಲ್ಲಿ.

“ನೋಡ್ಲಿ.”

ಒಂಬತ್ತೂವರೆ ಆಯಿತು. ಹತ್ತಾಯಿತು. ಮಾರ್ತಾಂಡ ಫೋನಿನಲ್ಲಿ ಯಾರನ್ನೋ ಕೇಳಿದ, ಟೆಂಪೋದ ಗಾಜು ಒರೆಸಿದ, ಮತ್ತೆ ಬಂದ. ಈಗ ನಗುತ್ತಿರಲಿಲ್ಲ.

“ಅರ್ಧಾ ತಗೋರಿ.”

“ಏಳೂ ನಮ್ಮವು.”

“ಅರ್ಧಾ, ವಹಿನಿ. ನಂದೂ ಹೊಟ್ಟಿ ಅದ. ಭಟ್ಟಿ ಹತ್ತಲಿಲ್ಲಂದ್ರ ಮಾಲಕ ನನ್ನ ಕೇಳ್ತಾನ, ನಿಮ್ಮನ್ನಲ್ಲ.”

ಅದೂ ನಿಜವೇ. ಇವನೊಬ್ಬ ಲಫಂಗನಾಗಿದ್ದರೆ ಎಷ್ಟು ಸಲೀಸಾಗುತ್ತಿತ್ತು ಅನ್ನಿಸಿತು ಅವಳಿಗೆ. ಇಳಿದಳು. ಕಲ್ಲವ್ವ ಆರಿಸಲು ನಿಂತಳು. ಅಂಗಳದಲ್ಲಿದ್ದ ಕಲ್ಲೊಂದನ್ನು ತಗೊಂಡು ಏಳನ್ನೂ ಮತ್ತೆ ಮೊದಲಿನಿಂದ ತಟ್ಟಿದಳು.

“ಇನ್ನೇನ್ ತಬಲಾ ಬಾರಸ್ತೀರಿ ಆಜಿ?” ಅಂದ ಮಾರ್ತಾಂಡ ಸೋತ ದನಿಯಲ್ಲಿ.

ಮೂರು ಟೊಂಗೆ ಮತ್ತು ಬೇವಿನ ಒಂದು ಮೊಂಡು ತುಂಡು ಗಾಡಿಗೆ ಬಂದವು. ಆ ಮೂರರಲ್ಲಿ ಹುಣಸೆಯೂ ಇತ್ತು. ಆದರೆ ಅದರ ಸೊಟ್ಟ ತುದಿ ಗಾಡಿಯಾಚೆ ಚಾಚಿ, ಎದುರು ಬಂದವರಿಗೆಲ್ಲ ತಾಗುತ್ತಿತ್ತು. ರಿಕ್ಷಾದವನೊಬ್ಬ ಬೈದ. ರೈಲ್ವೆ ಸೇತುವೆಯ ಕೆಳಗೆ ಮೊಣಕಾಲುದ್ದ ನೀರು ನಿಂತಿತ್ತು. ಅಲ್ಲಿ ಬಲಗಾಲಿ ತಗ್ಗಿಗೆ ಇಳಿದು, ಕಟ್ಟಿದ ಹಗ್ಗ ಸಡಿಲಿ, ಬೇವು ನೀರಿಗೆ ಬಿತ್ತು. ಒಣಗಿದ್ದ ಬೇವು ಈಗ ಒಂದು ಬದಿ ತೊಯ್ದಿತ್ತು. ಇಬ್ಬರೂ ಅದನ್ನು ಎತ್ತಿ ಹೇರಿದರು. ಏರು ಹತ್ತುವಾಗ ಕಲ್ಲವ್ವ ಮೂರು ಸಲ ಕೂತಳು. ಮನೆ ಮುಟ್ಟಿದಾಗ ಒಂದು ಗಂಟೆ. ಶಿವಕಾಂತಾಳ ಅಂಗೈಯ ಚರ್ಮ ಎರಡು ಕಡೆ ಎದ್ದಿತ್ತು. ಗಾಡಿಗಾಗಿ ಮನೆಯ ಮುಂದೆ ಬಂದು ಕಾಯುತ್ತಿದ್ದ ರಾಮಲಿಂಗಪ್ಪ ಬಿಸಿಲಿಗೆ ಕಪ್ಪಾದ ಒಂದು ಚಿಪ್ಪನ್ನು ಎತ್ತಿ ತೋರಿಸಿದ.

“ನಿಮ್ಮ ಕಟಗಿ ಬಂತು, ನನ್ನ ಹಣ್ಣು ಹೋತು. ತಗೋರಿ, ತಿನ್ರಿ.”

ಮಧ್ಯಾಹ್ನವೆಲ್ಲ ಕಡಿದರು. ಕೊಡಲಿ ಬಾಡಿಗೆಮನೆಯ ಮಾಲೀಕನದು, ಹಿಡಿಕೆ ಅಲುಗಾಡುತ್ತಿತ್ತು. ಸುಬಾಬುಳ ಸುಲಭವಾಗಿ ಸೀಳಿತು. ಬೇವಿನ ಒದ್ದೆ ಬದಿಯನ್ನು ಗೋಡೆಗೆ ಬಿಸಿಲಿಗಿಟ್ಟರು. ಬಿಸಿಲು ನಾಲ್ಕಕ್ಕೇ ಹೋಯಿತು. ಹುಣಸೆ ಮಾತ್ರ ಕಬ್ಬಿಣದ ಹಾಗಿತ್ತು. ಸಂಜೆ ಕಲ್ಲವ್ವ ಒಟ್ಟಿದ ತುಂಡುಗಳನ್ನು ಕಣ್ಣಲ್ಲೇ ಅಳೆದಳು.

“ತೊಂಬತ್ತು ರೊಟ್ಟಿ ಆಗ್ತಾವ.”

“ಉಳಿದ ಮೂವತ್ತು?”

“ತೆಳ್ಳಗ ಬಡಿದ್ರ ನೂರ ಐದು. ಇನ್ನೂ ತೆಳ್ಳಗ ಬಡಿದ್ರ ನೂರಾ ಇಪ್ಪತ್ತು. ತೆಳ್ಳಂದಕ್ಕ ಉರಿ ಕಡಿಮಿ ಬೇಕು. ಕೈ ಮಾತ್ರ ನಿಂದರಬಾರದು.”

ಆಗ ಲತೇಶನ ಫೋನು ಬಂತು. ಶಿವಕಾಂತಾ ಹಿತ್ತಲಿನ ಮೂಲೆಗೆ ಹೋದಳು.

“ಮ್ಯಾಡಂ, ತ್ರಾಸ ತಗೋಬ್ಯಾಡ್ರಿ,” ಅಂದ ಲತೇಶ್ ಬಹಳ ಮರ್ಯಾದೆಯಿಂದ. “ಗಾಳೀ ಮಳೀ ನೋಡಿ ನಿಮ್ಮ ಕೈಲಿ ಆಗಂಗಿಲ್ಲ ಅನಿಸ್ತು. ಮಶೀನ್ ರೊಟ್ಟಿಯವಗ ನಾಳೆಯಿಂದ ಬಾ ಅಂತ ಹೇಳೀನಿ.”

“ಶುಕ್ರವಾರ ಹನ್ನೊಂದಕ್ಕ ಅಂದಿದ್ರಿ.”

“ಅಂದಿದ್ದೆ ಖರೆ, ಆದ್ರ—”

“ಇನ್ನೂ ಗುರುವಾರ ಅದ ಸರ್. ಹನ್ನೊಂದಕ್ಕ ರೊಟ್ಟಿ ಬರ್ತಾವ.”

“ನಾ ಈಗಾಗ್ಲೇ ಹೇಳಿಬಿಟ್ಟೀನಲ್ರಿ.”

“ಹೇಳ್ರಿ. ಅವನೂ ತರ್ಲಿ. ನಾ ನಿಮ್ಮ ಮೇಜಿನ ಮ್ಯಾಲ ತಂದಿಡ್ತೀನಿ. ಎರಡೂ ಬಾಜೂಕ ಇಟ್ಟು, ಹುಡುಗರು ಯಾವುದು ತಿಂತಾರ ನೋಡ್ರಿ.”

ಆ ಕಡೆ ಅವನು ಏನೋ ಅನ್ನುವಷ್ಟರಲ್ಲಿ ಫೋನು ಇಟ್ಟಳು. ತಿರುಗಿ ಬಂದು ಕೊಡಲಿ ಎತ್ತಿಕೊಂಡಳು.

“ಯಾರದವಾ?” ಕಲ್ಲವ್ವ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆಯುತ್ತ ಕೇಳಿದಳು.

“ಮೆಸ್ಸಿನವರದು.”

“ಏನಂತಾರ?”

“ಹನ್ನೊಂದಕ್ಕ ಅಂತ.”

“ಗೊತ್ತದ ಅಲ್ಲ, ಎಷ್ಟು ಸಲ ಹೇಳ್ತಾನ,” ಅಂದು ಕಲ್ಲವ್ವ ಜರಡಿ ಹುಡುಕಲು ಒಳಗೆ ಹೋದಳು.

ಶಿವಕಾಂತಾ ಸೊಟ್ಟ ಹುಣಸೆಯನ್ನು ಕಾಲಿನಿಂದ ಒತ್ತಿ ಹಿಡಿದು, ಗಂಟು ಇದ್ದಲ್ಲಿ ಏಟು ಹಾಕಿದಳು. ಕೊಡಲಿ ಸಿಕ್ಕಿಕೊಂಡಿತು. ಅಲುಗಾಡಿಸಿ ಕಿತ್ತು ತೆಗೆದು, ಅದೇ ಜಾಗಕ್ಕೆ ಇನ್ನೊಂದು ಹಾಕಿದಳು.