ನರದ ಹತ್ತಿರ ನಿಲ್ಲುವ ಕೈ

ಡಾಕ್ಟ್ರಮ್ಮನವರ ಕತ್ತು ಸದಾ ಎಡಕ್ಕೆ ವಾಲಿರುತ್ತದೆ. ಮೂರು ದಶಕಗಳ ಕಾಲ ಪರರ ಬಾಯೊಳಗೆ ಬಗ್ಗಿ ನೋಡಿದ ದೇಹ ಆ ಭಂಗಿಯನ್ನೇ ಸ್ವಭಾವವೆಂದು ಒಪ್ಪಿಕೊಂಡುಬಿಟ್ಟಿದೆ. ಹಾಗಾಗಿ ತರಕಾರಿ ಕೊಳ್ಳುವಾಗಲೂ, ಸಾವಿನ ಮನೆಯಲ್ಲಿ ನಿಂತಾಗಲೂ ಅವರು ಏನನ್ನೋ ಗಮನವಿಟ್ಟು ಆಲಿಸುತ್ತಿರುವವರಂತೆ ಕಾಣುತ್ತಾರೆ. ಎದುರಿನವರ ಕಣ್ಣು ನೋಡಿ ಮಾತಾಡಿದ್ದನ್ನು ನಾನು ಕಂಡಿಲ್ಲ. ದೃಷ್ಟಿಯೆಲ್ಲ ಹಲ್ಲಿನ ಮೇಲೆ. ಅವರ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ ಬಾಡಿಗೆಗಿರುವ ನಾನು ಅವರೆದುರು ನಗುವುದನ್ನೇ ಕಡಿಮೆ ಮಾಡಿದ್ದೇನೆ.

ಕೆಳಗೆ ಎರಡು ಕುರ್ಚಿಗಳು. ಒಂದು ಅವರದು, ಇನ್ನೊಂದು ಅವರ ಪತಿಯದು. ರೋಗಿಗಳ ಬಾಯಲ್ಲಿ ಪತಿ ದೊಡ್ಡ ಡಾಕ್ಟ್ರು. ಇಬ್ಬರೂ ಒಂದೇ ಗುರುವಿನ ಬಳಿ ಕಲಿತವರು. ಹುಳುಕನ್ನು ಕಡೆಯ ಕಣದವರೆಗೆ ಕೆರೆದು ತೆಗೆಯಬೇಕು, ಗಟ್ಟಿ ನೆಲ ತಾಗಿ ಕಿರ್ರೆನ್ನುವವರೆಗೆ ಬಿಡಬಾರದು ಎಂಬುದು ಆ ಗುರುವಿನ ಆಜ್ಞೆ. ಹಾಗೆ ಕೆರೆಯುವಾಗ ಎಷ್ಟೋ ಸಲ ನರವೇ ತೆರೆದುಕೊಂಡು, ಅದನ್ನು ಕಿತ್ತು ಹಲ್ಲನ್ನು ನಿರ್ಜೀವಗೊಳಿಸುವ ರೂಟ್ ಕೆನಾಲ್ ಮಾಡಬೇಕಾಗುತ್ತಿತ್ತು. ಅದು ಆ ಹಲ್ಲಿನ ಹಣೆಬರಹವೆಂದು ಇಬ್ಬರೂ ನಂಬಿದ್ದರು.

ಡಾಕ್ಟ್ರಮ್ಮನಿಗೆ ಒಂದು ಚಟ. ಮಧ್ಯಾಹ್ನ ಊಟವಾದ ಮೇಲೆ, ರೆಪ್ಪೆ ಎಷ್ಟೇ ಭಾರವಾಗಿದ್ದರೂ, ರೋಗಿಯ ಕುರ್ಚಿಯಲ್ಲೇ ಮಲಗಿ, ಬಾಯೊಳಗೆ ಬೆಳಕು ಬಿಡುವ ಅದೇ ದೀಪವನ್ನು ಎಳೆದುಕೊಂಡು, ಹೊಸ ಸಂಶೋಧನೆಗಳ ಪತ್ರಿಕೆ ಓದುತ್ತಾರೆ. ಅಲ್ಲಿ ಒಂದರ ಹಿಂದೊಂದು ಅಧ್ಯಯನಗಳು ಒಂದೇ ಮಾತು ಹೇಳತೊಡಗಿದವು: ಆಳವಾದ ಹುಳುಕಿನಲ್ಲಿ ಅಂಚುಗಳನ್ನು ಶುದ್ಧಮಾಡಿ, ನರದ ಹತ್ತಿರದ ಮೆದು ಪದರವನ್ನು ಮುಟ್ಟದೆ ಬಿಟ್ಟು, ಮೇಲೆ ಬಿಗಿಯಾಗಿ ಮುಚ್ಚಿದರೆ ಹಲ್ಲು ಬದುಕುವ ಸಂಭವ ಹೆಚ್ಚು.

ಅವರಿಗೆ ಸಂತೋಷವೇನೂ ಆಗಲಿಲ್ಲ. ಮೆಟ್ಟಿಲ ಬಳಿ ಸಿಕ್ಕಾಗ, "ಎಷ್ಟು ಹಲ್ಲು ಕೊಂದೆನೋ," ಎಂದರು. "ಈಗ ಈ ಕೈಗೆ ಮತ್ತೆ ಮೊದಲಿಂದ ಬುದ್ಧಿ ಹೇಳ್ಬೇಕು. ಸುಸ್ತಾಗತ್ತೆ ಕಣ್ರೀ."

ದೊಡ್ಡ ಡಾಕ್ಟ್ರು ಒಪ್ಪಲಿಲ್ಲ. "ಹುಳುಕು ಒಳಗಿಟ್ಟು ಮುಚ್ಚೋದಾ? ಮನೆ ಗುಡಿಸಿ ಕಸಾನ ಚಾಪೆ ಕೆಳಗೆ ತಳ್ಳಿದ ಹಾಗಾಯ್ತು."

"ಊಟ ಸಿಗದಿದ್ರೆ ಅದು ತಾನೇ ಸೊರಗತ್ತೆ ರೀ. ಓದಿ ನೋಡಿ."

ಅವರು ಓದಲಿಲ್ಲ. ಡಾಕ್ಟ್ರಮ್ಮ ತಮ್ಮ ಕುರ್ಚಿಯಲ್ಲಿ ಹೊಸ ಕ್ರಮ ಹಿಡಿದರು. ಕೆಲವು ತಿಂಗಳ ಬಳಿಕ, ಅವರ ಬಳಿ ಹಾಗೆ ಹಲ್ಲು ಮುಚ್ಚಿಸಿಕೊಂಡಿದ್ದ ಒಬ್ಬ ಬಸ್ ಕಂಡಕ್ಟರ್, ಬೇರೆಡೆ ತೆಗೆಸಿದ ಎಕ್ಸ್‌ರೇ ಹಿಡಿದು, ಕಾಯುವ ರೋಗಿಗಳು ತುಂಬಿದ ಬೆಂಚಿನ ಮುಂದೆ ನಿಂತ.

"ಹುಳುಕು ಒಳಗೇ ಇದೆಯಂತಲ್ಲ ಡಾಕ್ಟ್ರೇ?"

"ಬೇಕಂತಲೇ ಬಿಟ್ಟಿದೀನಿ. ಅವತ್ತೇ ಹೇಳಿದ್ದೆ."

"ಹೇಳಿರ್ತೀರಿ. ನಾನು ಬಾಯಿ ತೆಕ್ಕೊಂಡು ಮಲಗಿದ್ದೆ, ಏನಂತ ಕೇಳ್ಲಿ?"

ನೋವಿಲ್ಲದ ಆ ಹಲ್ಲನ್ನು ಆತ ಬೇರೆಡೆ ಕೀಳಿಸಿಕೊಂಡ. ಸುದ್ದಿ ಹಬ್ಬಿ, ಬೆಂಚಿನವರಲ್ಲಿ ಹೆಚ್ಚಿನವರು ದೊಡ್ಡ ಡಾಕ್ಟ್ರ ಕಡೆಗೇ ಸರಿದರು. ಉಳಿದ ಕೆಲವರಿಗೆ ಡಾಕ್ಟ್ರಮ್ಮ, ಅವರು ಕುರ್ಚಿ ಹತ್ತುವ ಮೊದಲೇ, ಹಲ್ಲಿನ ಚಿತ್ರ ಬರೆದು ಅದದೇ ಮಾತನ್ನು ಗಂಟಲು ಒಡೆಯುವಷ್ಟು ಸಲ ಹೇಳುತ್ತಿದ್ದರು.

ಹೀಗಿರುವಾಗ ಹುಳುಕು ದೊಡ್ಡ ಡಾಕ್ಟ್ರ ದವಡೆಗೇ ಬಂತು. ಭಾನುವಾರ ಸಹಾಯಕಿ ಇರಲಿಲ್ಲ. ಉಗುಳು ಹೀರುವ ಕೊಳವೆ ಹಿಡಿಯಲು ಡಾಕ್ಟ್ರಮ್ಮ ನನ್ನನ್ನು ಕರೆದರು. "ಪೂರ್ತಿ ತೆಗಿ," ಎಂದು ಹೇಳಿಯೇ ದೊಡ್ಡ ಡಾಕ್ಟ್ರು ಬಾಯಿ ತೆರೆದದ್ದು. ಡ್ರಿಲ್ಲಿನ ಸದ್ದು ಸಣ್ಣಗಾಗಿ ನಿಂತಿತು. ಇನ್ನೂ ಮೆದು ಪದರ ಉಳಿದಿರುವಾಗಲೇ ನಿಂತದ್ದು ಆ ಕಿವಿಗೆ ತಿಳಿಯದೆ ಇರುತ್ತದೆಯೇ? ಕಣ್ಣು ಕೆಂಪಾಯಿತು, ಬಾಯ್ತುಂಬ ಹತ್ತಿ, ಮಾತಿಲ್ಲ.

ಡಾಕ್ಟ್ರಮ್ಮ ಹತ್ತಿ ತೆಗೆದರು. "ಇಲ್ಲಿಂದಾಚೆ ನರ. ಬಾಯಿ ನಿಮ್ದು. ಮುಂದಕ್ಕೆ ಹೋಗ್ಲಾ, ಬಿಡ್ಲಾ?"

ಅವರು ಬಹಳ ಹೊತ್ತು ದೀಪವನ್ನೇ ನೋಡಿದರು. ನನಗೆ ಕೊಳವೆ ಹಿಡಿದ ಕೈ ನೋಯತೊಡಗಿತು.

"ಬಿಡು," ಎಂದರು. "ಮುಚ್ಚು."

ಹಲ್ಲು ಉಳಿಯಿತು. ಅದರ ಬಗ್ಗೆ ದೊಡ್ಡ ಡಾಕ್ಟ್ರು ಇಂದಿನವರೆಗೆ ಒಂದು ಮಾತೂ ಆಡಿಲ್ಲ. ಆದರೆ ಆಳವಾದ ಹುಳುಕು ಕಂಡರೆ, "ಆ ಕುರ್ಚಿಗೆ ಹೋಗಿ, ಅವ್ರು ನೋಡ್ತಾರೆ," ಎಂದು ಕಳಿಸುತ್ತಾರೆ. ಗೆದ್ದೆನೆಂಬ ಭಾವ ಡಾಕ್ಟ್ರಮ್ಮನ ಮುಖದಲ್ಲಿ ನನಗೆ ಕಾಣಲಿಲ್ಲ; ಕೆಲಸ ಹೆಚ್ಚಾಯಿತೆಂಬ ಆಯಾಸವಷ್ಟೇ.

ಹೊಸದನ್ನು ಕಲಿಯುವವರನ್ನು ಲೋಕ ಹೊಗಳುತ್ತದೆ. ಪಳಗಿದ ಕೈಯಿಂದ ಹಳೆಯದನ್ನು ಬಿಡಿಸುವ ಶ್ರಮ, ಬೆನ್ನುನೋವಿನ ವಯಸ್ಸಿನಲ್ಲಿ ಅದನ್ನು ಹೊತ್ತವರಿಗಷ್ಟೇ ಗೊತ್ತು. ಅಂಥವರಿಗೆ ಚಪ್ಪಾಳೆ ಸಿಗುವುದಿಲ್ಲ, ಏಕೆಂದರೆ ಅವರು ಮಾಡದೆ ಬಿಟ್ಟದ್ದು ಯಾರಿಗೂ ಕಾಣುವುದಿಲ್ಲ. ಎಲ್ಲೋ ಯಾರದೋ ದವಡೆಯಲ್ಲಿ ಒಂದು ಹಲ್ಲು, ತಣ್ಣೀರು ತಾಗಿದಾಗ ಜುಮ್ಮೆನ್ನುತ್ತ, ಬದುಕಿರುತ್ತದೆ.