ಹಳ್ಳದಾಚೆಯ ಹೆಸರುಗಳು

"ಮುಚ್ಚೆ ಬಾಯಿ, ಗುಲಾಮ್ ಮುಂಡೆ! ನಿಮ್ಮೋರ ಗೋರಿಗೂ ಹೆಸ್ರು ಬೇಕಾ?"

ಊರ ಮುಖ್ಯಸ್ಥ ಹಮಾದಿ ನಿಂತಲ್ಲಿಂದಲೇ ಉಗಿದ. ಅವನ ಅಂಗಳದಲ್ಲಿ ನಾನು ಮದುವೆಯ ಕುರಿಮಾಂಸ ಕಡಿಯುತ್ತಿದ್ದೆ. ನನ್ನ ಮುತ್ತಜ್ಜಿಯನ್ನು ಅವರ ಮನೆಯವರು ಉಪ್ಪಿನ ಗಟ್ಟಿ ಕೊಟ್ಟು ಕೊಂಡಿದ್ದರಂತೆ. ಇವತ್ತಿಗೂ ಅವರ ಮದುವೆ, ನಾಮಕರಣಕ್ಕೆ ಕಡಿಯುವುದು, ಬೇಯಿಸುವುದು ನಮ್ಮ ಕೇರಿಯವರೇ.

ನಾನು ಕೇಳಿದ್ದಾದರೂ ಏನು? ರಾಜಧಾನಿ ಬಮಾಕೊದಿಂದ ಬಂದಿದ್ದ ಅಸೆತು ಎಂಬ ಹುಡುಗಿ ಊರಿನ ಹಳೆಯದನ್ನೆಲ್ಲ ಕಂಪ್ಯೂಟರ್ ನಕ್ಷೆಗೆ ಏರಿಸುತ್ತಿದ್ದಳು. ಮಸೀದಿಯ ಮೇಲೆ ಬೆರಳಿಟ್ಟರೆ ಫೋಟೊ ಬರುತ್ತದೆ, ಮುದುಕರ ದನಿಯಲ್ಲಿ ಅದರ ಕಥೆ ಕೇಳಿಸುತ್ತದೆ. ಹಮಾದಿಯ ವಂಶದ ಗೋರಿಗಳಿಗೆಲ್ಲ ಹಸಿರು ಚುಕ್ಕೆ. ಹಳ್ಳದಾಚೆ, ನಮ್ಮವರನ್ನು ಹೂಳುವ ಕಡೆ, ಬೋಳು ಬಯಲು.

"ಅಲ್ಲಿ ನಮ್ಮವ್ವ ಮಲಗವ್ಳೆ. ಹಾಕು ತಾಯಿ," ಅಂದಿದ್ದೆ.

ಅಸೆತು ಮೆಲ್ಲಗೆ ಅಂದಳು: "ನ್ಯೂಮಾ ಅಕ್ಕಾ, ಮುಖ್ಯಸ್ಥರು ಒಪ್ಪದೆ ಹಾಕೋ ಹಾಗಿಲ್ಲ."

"ನಿನ್ ಯಂತ್ರಕ್ಕೂ ಅವನೇ ಧಣಿಯಾ?"

ಮಾರನೆಯ ಬೆಳಿಗ್ಗೆ ಅವಳು ಟ್ಯಾಬ್ಲೆಟ್ ಹಿಡಿದು ಹಳ್ಳ ದಾಟಿ ಬಂದಳು.

ನಮ್ಮ ಕೇರಿಯ ಹಿರಿಯಜ್ಜಿ ಸಾದ್ಯೊ ಗೋರಿಯ ದಿಣ್ಣೆಯಿಂದ ದಿಣ್ಣೆಗೆ ಕೋಲೂರಿ ನಡೆದಳು. "ಇವ್ಳು ದಾದೊ. ಹೆರಿಗೆ ನೋವಲ್ಲೂ ಧಣಿಮನೆ ಸಜ್ಜೆ ಕುಟ್ತಿದ್ಲು. ಒನಕೆ ಹಿಡ್ಕಂಡೇ ಹೋದ್ಲು. ಇವ್ನು ಜಾಜೆ. ಓಡೋಗಿದ್ದ. ಹಿಡ್ಕಂಬಂದು ಕಾಲ್ ಮುರುದ್ರು."

ಒಂದೊಂದು ಹೆಸರಿಗೆ ಒಂದೊಂದು ಚುಕ್ಕೆ ಹೊತ್ತಿಕೊಂಡಿತು. ಯಂತ್ರದೊಳಗೆ ತನ್ನ ಮಾತು ಕೇಳಿ ಅಜ್ಜಿ ಬೆಚ್ಚಿದಳು. "ಅಯ್ಯೋ ಮೂದೇವಿ, ನನ್ ದನಿ ಇಷ್ಟು ಒಡಕಾ?"

ಉದ್ಘಾಟನೆಯ ದಿನ ಹಮಾದಿಯ ಪಡಸಾಲೆಯಲ್ಲಿ ದೊಡ್ಡ ಟಿವಿ ಇಟ್ಟರು. ಜಿಲ್ಲೆಯ ಅಧಿಕಾರಿಗೆ ಮೆತ್ತನೆಯ ಕುರ್ಚಿ. ನಾವು ಬಾಗಿಲಾಚೆ, ನೆಲದ ಮೇಲೆ. ನಕ್ಷೆ ತೆರೆಯಿತು. ಹಳ್ಳದಾಚೆ ಮತ್ತೆ ಬೋಳು ಬಯಲು.

"ಎಲ್ಲೋದ್ರು ನಮ್ಮೋರು?" ಕೂಗಿದೆ.

ಹಮಾದಿ ನಕ್ಕ. "ಅಳಿಸಿಸ್ದೆ ಕಣೆ. ಸಾಹೇಬ್ರ ಮುಂದೆ ಊರ ಮಾನ ತಗೀತೀಯಾ?"

ಸಾಹೇಬರು ಚಹಾ ಹೀರುತ್ತಿದ್ದರು.

ನಾನು ಒಳಗೆ ನಡೆದೆ. ಪಡಸಾಲೆಯ ಜಮಖಾನದ ಮೇಲೆ ನಮ್ಮವರು ಎಂದೂ ಕಾಲಿಟ್ಟಿರಲಿಲ್ಲ. ಅಸೆತುವಿನ ಮುಂದೆ ಕೈ ಚಾಚಿದೆ. ಅವಳು ದನಿ ಹಿಡಿಯುವ ಗುಂಡಿ ಒತ್ತಿ ಟ್ಯಾಬ್ಲೆಟ್ ನನ್ನ ಕೈಗೆ ಕೊಟ್ಟಳು. "ಹೇಳಿ ಅಕ್ಕಾ."

"ದಾದೊ," ಅಂದೆ. "ಜಾಜೆ."

ಹಮಾದಿಯ ತಮ್ಮನ ದೊಣ್ಣೆ ಹೆಗಲಿಗೆ ಬಿತ್ತು. "ನಿಲ್ಸೆ, ಬೋಳಿಮಗ್ಳೆ!"

"ನಮ್ಮವ್ವ ತಾಕೊ, ನನ್ನ ಹೆತ್ತವ್ವ."

ಇನ್ನೊಂದು ಏಟು. ಮಂಡಿಯೂರಿದೆ, ಯಂತ್ರ ಬಿಡಲಿಲ್ಲ. ಅಷ್ಟರಲ್ಲಿ ಬಾಗಿಲಿನಿಂದ ಸಾದ್ಯೊ ಅಜ್ಜಿಯ ಒಡಕು ದನಿ: "ಸಿರೆ! ನನ್ ತಮ್ಮ!" ಅವಳ ಹಿಂದೆ ಮತ್ತೊಬ್ಬರು, ಮಗದೊಬ್ಬರು. ಇಡೀ ಕೇರಿ ತನ್ನ ಸತ್ತವರನ್ನು ಕೂಗತೊಡಗಿತು. ದೊಣ್ಣೆ ಯಾರಿಗೆ ಅಂತ ಬೀಳಬೇಕು?

ಅವತ್ತೇ ನಮಗೆ ಊರ ಬಾವಿ ಬಂದ್ ಮಾಡಿದರು, ಅಂಗಡಿಯನ್ನೂ ಬಂದ್ ಮಾಡಿದರು. ಈಗ ನೀರಿಗೆ ಹೊಳೆಯವರೆಗೆ ನಡೆಯುತ್ತೇವೆ. ನನ್ನ ಎಡಗೈ ಮೇಲೇಳುವುದಿಲ್ಲ. ಆ ದಿನ ಹಿಡಿದ ದನಿಯನ್ನು ಅಸೆತು ನಕ್ಷೆಯ ಹಳ್ಳದಾಚೆಗೆ ಏರಿಸಿದ್ದಾಳೆ. ಅದನ್ನು ಅಳಿಸೆಂದು ಹಮಾದಿ ದಿನವೂ ಬಮಾಕೊಗೆ ಫೋನು ಮಾಡುತ್ತಾನೆ. ಅಸೆತು ಎತ್ತುವುದಿಲ್ಲ.

ದುಡಿಯಲು ಪ್ಯಾರಿಸಿಗೆ ಹೋದ ನಮ್ಮ ಹುಡುಗರೂ ಹಮಾದಿಯ ಮಕ್ಕಳೂ ಅಲ್ಲಿ ಒಂದೇ ಬೀದಿ ಗುಡಿಸುತ್ತಾರೆ. ಕೆಲಸ ಮುಗಿದ ಮೇಲೆ ನಮ್ಮ ಹುಡುಗರು ಫೋನಿನ ದನಿ ಜೋರು ಮಾಡಿ ನಕ್ಷೆಯಲ್ಲಿ ಹಳ್ಳದಾಚೆ ಬೆರಳಿಡುತ್ತಾರಂತೆ. ಹೆಸರು, ಏಟು. ಹೆಸರು, ಏಟು. ಆಮೇಲೆ ಬರೀ ಹೆಸರುಗಳು.