ಕಿಟಕಿ ಪಕ್ಕದ ಚಾಪೆ

“ಬಲ ಮಂಡಿ ನೋಯ್ತಿದ್ರೆ ಮಡಚ್ಕೊ, ಹಟ ಮಾಡ್ಬೇಡ,” ಎಂದರು ಅಕ್ಕ, ಕಣ್ಣು ಮುಚ್ಚಿಕೊಂಡೇ.

ಹೊಸಬನ ಮಂಡಿಗೆ ಯಾವ ನೋವೂ ಇರಲಿಲ್ಲ. ತನಗಲ್ಲ, ಪಕ್ಕದ ವೈರಿಂಗಿನವನಿಗೆ ಹೇಳಿದ್ದಿರಬೇಕು ಎಂದುಕೊಂಡು ಓರೆಗಣ್ಣಲ್ಲಿ ನೋಡಿದ. ವೈರಿಂಗಿನವನು ಗಡ್ಡ ಎದೆಗೆ ತಾಗಿಸಿಕೊಂಡು, ಎರಡೂ ಕಾಲು ನೀಟಾಗಿ ಚಾಚಿ ಕೂತಿದ್ದ.

ಆಸ್ಪತ್ರೆಗಳಲ್ಲಿ ಸ್ಕ್ಯಾನಿಂಗ್ ಯಂತ್ರ ಕೂರಿಸುವ ತಂಡ ಅದು. ಊರೂರು ತಿರುಗಬೇಕು, ವಾರಗಟ್ಟಲೆ ಲಾಡ್ಜಿನಲ್ಲಿರಬೇಕು. ದಿನವಿಡೀ ಬಗ್ಗಿ ಎದ್ದು ಎಲ್ಲರ ಸೊಂಟವೂ ಹಿಡಿದುಹೋಗುತ್ತದೆಂದು ತಂಡದ ಮುಖ್ಯಸ್ಥೆ ಬೆಳಗಿನ ಹೊತ್ತು ಲಾಡ್ಜಿನ ಖಾಲಿ ಹಾಲ್‌ನಲ್ಲಿ ಯೋಗ ಮಾಡಿಸುತ್ತಿದ್ದರು. ಅವರನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಹೊಸಬ ಬಂದ ದಿನವೇ ಕಿಟಕಿ ಪಕ್ಕ ಅವನಿಗೊಂದು ಚಾಪೆ ಹಾಸಿ ಇಟ್ಟಿದ್ದರು. ಬಿಸಿಲು ಮುಖಕ್ಕೆ ಹೊಡೆಯುತ್ತದೆಂದು ಅವನು ಅದನ್ನು ಈಚೆ ಎಳೆದುಕೊಳ್ಳಲು ಹೋದಾಗ, ಭಾರ ಎತ್ತುವ ಕೆಲಸದ ಗುಂಡಣ್ಣ, “ಅಲ್ಲೇ ಇರ್ಲಿ ಬಿಡಪ್ಪಾ,” ಎಂದಿದ್ದ. ಗದರಿದ ಹಾಗಿರಲಿಲ್ಲ, ಬೇಡಿಕೊಂಡ ಹಾಗಿತ್ತು.

ಆಮೇಲೆ ಟೀ. ಗುಂಡಣ್ಣ ಎಲ್ಲರಿಗೂ ತಂದುಕೊಟ್ಟು, ಕೊನೆಯ ಲೋಟವನ್ನು ಅವನ ಕೈಗಿಟ್ಟು, “ನಿಂದಕ್ಕೆ ಸಕ್ಕರೆ ಹಾಕ್ಸಿಲ್ಲ,” ಎನ್ನುತ್ತಿದ್ದ. ಹೊಸಬನಿಗೆ ಸಕ್ಕರೆ ಕಾಯಿಲೆಯೇನೂ ಇರಲಿಲ್ಲ. ಹೊಸ ಜಾಗ, ಬಾಯಿ ಬಿಟ್ಟರೆ ಚೆನ್ನಾಗಿರುವುದಿಲ್ಲ ಎಂದು ಕುಡಿದ. ಕುಡಿಯುತ್ತಾ ಕುಡಿಯುತ್ತಾ ಅದೇ ರುಚಿಯಾಯಿತು. ಒಂದು ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಬಲ ಮಂಡಿ ಚುಳ್ಳೆಂದಿತು. ಮಾರನೆಯ ದಿನ ಅಕ್ಕ “ಮಡಚ್ಕೊ” ಎಂದಾಗ ಅವನು ಮರುಮಾತಾಡದೆ ಮಡಚಿಕೊಂಡ. ಅಕ್ಕನ ಮುಖ ಸಡಿಲವಾಯಿತು.

“ಯಾಕ್ರೀ, ನಿಮ್ಮ ಮಾತು ಇಷ್ಟು ನಿಧಾನ ಆಗಿದೆ?” ಎಂದಳು ಹೆಂಡತಿ ಫೋನಿನಲ್ಲಿ. “ಯಾರೋ ದೊಡ್ಡೋರ ಹತ್ರ ಮಾತಾಡಿದ ಹಾಗಾಗತ್ತೆ ನಂಗೆ.”

“ಕೆಲಸ ಜಾಸ್ತಿ ಕಣೇ,” ಎಂದ. ತನ್ನ ದನಿ ತನಗೂ ಬೇರೆಯಾಗಿ ಕೇಳಿಸಿತು.

ಅವನನ್ನು ನಿಜಕ್ಕೂ ಹೆದರಿಸಿದ್ದು ಶವಾಸನ. ಎಲ್ಲರೂ ಅಂಗಾತ ಮಲಗಿ ಕಣ್ಣು ಮುಚ್ಚಿದ ಮೇಲೆ ಹಾಲ್ ಎಷ್ಟು ನಿಶ್ಶಬ್ದವಾಗುತ್ತಿತ್ತೆಂದರೆ, ಅವನಿಗೆ ತನ್ನ ಉಸಿರು ಮಾತ್ರ ಕೇಳುತ್ತಿತ್ತು. ಮಿಕ್ಕವರು ಉಸಿರು ಬಿಗಿಹಿಡಿದು ಮಲಗಿರುವಂತೆ. ಕೊನೆಗೊಂದು ಬೆಳಿಗ್ಗೆ ತಡೆಯಲಾರದೆ ದಿಢೀರನೆ ಎದ್ದು ಕೂತ.

ಮೂವರೂ ಅವನತ್ತ ಹೊರಳಿ, ಕಣ್ಣು ತೆರೆದುಕೊಂಡು, ಅವನ ಎದೆಯನ್ನೇ ನೋಡುತ್ತಿದ್ದರು.

“ಏನಿದು?” ಎಂದ.

ಅಕ್ಕ ಏಳಲಿಲ್ಲ. ವೈರಿಂಗಿನವನೇ ಎದ್ದು ಕೂತು ಗಡ್ಡ ಕೆರೆದುಕೊಂಡ. “ನಿನಗಿಂತ ಮುಂಚೆ ಒಬ್ರಿದ್ರು. ದೊಡ್ಡಣ್ಣ ಅಂತಿದ್ವಿ. ಮಂಡಿ ನೋವು, ಸಕ್ಕರೆ ಕಾಯಿಲೆ. ಎಲ್ಲಿ ಹೋದ್ರೂ ಕಿಟಕಿ ಪಕ್ಕ ಅವರ ಜಾಗ. ಹೋದ ಊರಲ್ಲಿ ಹೀಗೇ ಮಲಗಿದ್ರು. ನಾವು ಎದ್ವಿ, ಅವರು ಏಳ್ಲಿಲ್ಲ. ಗೊರಕೆ ಹೊಡೀತಿದ್ರು. ಮಲಗ್ಲಿ ಪಾಪ ಅಂತ ತಿಂಡಿಗೆ ಹೋದ್ವಿ. ನಗಾಡ್ಕೊಂಡೇ ಹೋದ್ವಿ.” ಚಾಪೆಯ ಅಂಚನ್ನು ಎಳೆದು ಸರಿಮಾಡಿದ. “ಅದು ಗೊರಕೆ ಅಲ್ಲ ಅಂತ ಆಮೇಲೆ ಡಾಕ್ಟ್ರು ಹೇಳಿದ್ರು.”

ಹೊಸಬನಿಗೆ ಮೈಯೆಲ್ಲ ಉರಿದುಹೋಯಿತು. ಸತ್ತವನ ಜಾಗದಲ್ಲಿ ಮಲಗಿಸಿ, ಸತ್ತವನ ಟೀ ಕುಡಿಸಿ, ಇವರು ತನ್ನನ್ನು ಏನೆಂದುಕೊಂಡಿದ್ದಾರೆ? ಚಾಪೆ ಸುತ್ತಿ ಎಸೆದು ಹೊರಡಬೇಕೆಂದು ಎದ್ದ. ಗುಂಡಣ್ಣನಂಥ ಆಳು ಗೋಡೆಗೆ ಮುಖ ಮಾಡಿ ಮಲಗಿದ್ದ. ಅವನ ಭುಜ ಅಲುಗುತ್ತಿತ್ತು.

“ನಿಂಗೆ ಬೇಡ ಅಂದ್ರೆ ಬೇಡಪ್ಪಾ,” ಎಂದರು ಅಕ್ಕ, ಛಾವಣಿ ನೋಡುತ್ತಾ. “ನಮಗೂ ನಿದ್ದೆ ಬಂದು ಎಷ್ಟೋ ಕಾಲ ಆಯ್ತು.”

ಅವನು ನಿಂತೇ ಇದ್ದ. ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

“ಇನ್ನೊಂದ್ಸಲ ಮಲಗೋಣ,” ಎಂದ. “ಈ ಸಲ ನೀವು ಮೂವರೂ ಕಣ್ಣು ಮುಚ್ಕೊಳ್ಳಿ. ನನ್ನ ಕಾಯ್ಬೇಡಿ. ನಾನೇ ನಿಮ್ಮನ್ನ ಎಬ್ಬಿಸ್ತೀನಿ.”

ಮಲಗಿದರು. ಮೊದಲು ಗುಂಡಣ್ಣನ ಉಸಿರು ಕೇಳಿಸಿತು, ಆಮೇಲೆ ವೈರಿಂಗಿನವನದು. ಬಹಳ ಹೊತ್ತಿನ ಮೇಲೆ ಅಕ್ಕನದೂ. ಮಕ್ಕಳ ನಿದ್ದೆಯಂಥ ಆಳವಾದ ಉಸಿರು. ಅವರ ಉಸಿರಿನ ಜೊತೆ ಅವನದೂ ಇಳಿಯುತ್ತಾ ಹೋಯಿತು. ಬಿಸಿಲು ರೆಪ್ಪೆಯ ಮೇಲೆ ಕೂತಿತ್ತು. ಮೈ ಎಲ್ಲೋ ದೂರದಲ್ಲಿ ಹಗುರಾಗಿ ಬಿದ್ದುಕೊಂಡಿತ್ತು.

ತಲೆಯ ಪಕ್ಕದ ಚೀಲದಲ್ಲಿ ಅವನ ಫೋನು ಕೂಗತೊಡಗಿತು. ಹೊರಡುವ ಮುನ್ನ ಮಗಳು ತನ್ನ ದನಿಯನ್ನೇ ಅದಕ್ಕೆ ತುಂಬಿಸಿಕೊಟ್ಟಿದ್ದಳು: “ಅಪ್ಪಾ, ಎತ್ತಪ್ಪಾ. ಅಪ್ಪಾ, ಎತ್ತಪ್ಪಾ.”

ಯಾರದೋ ಮಗು, ಪಾಪ, ಎಷ್ಟು ಹೊತ್ತಿಂದ ಕರೀತಿದೆ, ಎಂದುಕೊಂಡ.